ಪರವಾಗಿಲ್ಲಕ್ಕನ ಒಂದು ಮೆಚ್ಚುಗೆ

ಓಣಿಯವರು ಹೇಳುತ್ತಿದ್ದರು: ಆ ಅಕ್ಕನ ಕೈಲಿ ಅಂಗಿ ಹೊಲಿಸಿಕೊಳ್ಳುವುದು ಸುಲಭ, ಬಾಯಲ್ಲಿ ಹೊಗಳಿಸಿಕೊಳ್ಳುವುದು ಕಷ್ಟ. ದೇವರೇ ಇಳಿದು ಬಂದು ಒಂದು ಹಾಡು ಹಾಡಿದರೂ ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸದೆ "ಪರವಾಗಿಲ್ಲ" ಅನ್ನುತ್ತಾಳೆ. ದೇವರು ಅಷ್ಟಕ್ಕೇ ಕುಣಿದಾಡಿಕೊಂಡು ವಾಪಸ್ಸು ಹೋಗಬೇಕು. ಹೀಗಾಗಿ ಎಲ್ಲರ ಬಾಯಲ್ಲೂ ಅವಳು ಪರವಾಗಿಲ್ಲಕ್ಕ.

ಮಹಡಿಯ ಒಂದೂವರೆ ಕೋಣೆಯಲ್ಲಿ ಅಕ್ಕ, ತಂಗಿ ಇಬ್ಬರೇ. ಕಿಟಕಿಗೆ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೇಜಿನಡಿ ದಪ್ಪ ಕಾಗದದ ಕಟ್ಟು. ತೋಳು, ಕೊರಳು, ಬೆನ್ನು ಎಂದು ಅಳತೆಯ ನಮೂನೆ ಕತ್ತರಿಸುವುದು ಅದರಲ್ಲೇ. ತಂಗಿಗೆ ಬೋರ್ಡು ಬರೆಯುವ ಅಂಗಡಿಯಲ್ಲಿ ಕೆಲಸ. ಅಲ್ಲಿ ಮಿಕ್ಕ ಕಾಗದವನ್ನೆಲ್ಲ ಹೊತ್ತು ತರುತ್ತಿದ್ದವಳು ಅವಳೇ.

ಭಾನುವಾರ ಮ್ಯಾಟಿನಿ ತಪ್ಪುತ್ತಿರಲಿಲ್ಲ. ಸಿನಿಮಾ ಮುಗಿದು ಮೆಟ್ಟಿಲಿಳಿಯುವಾಗಲೇ ಅಕ್ಕನ ಸಿನಿಮಾ ಶುರು.

"ಅಮ್ಮ ಸತ್ಲು ಅಂತ ಹೀರೋ ಮೂರು ದಿನ ಅತ್ತ. ಕಾಲರ್ ನೋಡಿದ್ಯಾ? ಇಸ್ತ್ರಿ ಒಂದು ಗೆರೆ ಕೆಟ್ಟಿಲ್ಲ. ಅದೆಂಥ ಅಳುವೇ?"

"ಅಕ್ಕ, ನೀನು ಮುಖ ನೋಡೋದು ಯಾವಾಗ?"

"ಮುಖ ಸುಳ್ಳು ಹೇಳುತ್ತೆ. ಬಟ್ಟೆ ಹೇಳಲ್ಲ."

ವಾದ್ಯ ಜಾಸ್ತಿಯಿದ್ದ ಹಾಡು ಅವಳಿಗೆ ಗುಂಡಿ ಜಾಸ್ತಿಯಿದ್ದ ಅಂಗಿ: "ಹಾಕ್ಕೊಳ್ಳೋದ್ರಲ್ಲೇ ಹೊತ್ತು ಹೋಗುತ್ತೆ." ಕಾಮಿಕ್ಸಿನ ಮುಖವಾಡದ ವೀರನಿಗೂ ಬಿಡುವಿಲ್ಲ: "ಇಷ್ಟು ಬಿಗಿ ಬಟ್ಟೆ ಹಾಕ್ಕೊಂಡು ಲೋಕ ಉಳಿಸ್ತಾನಂತೆ. ಒಂದ್ಸಲ ಕೂತ್ಕೊಳ್ಳಲಿ ನೋಡೋಣ." ಪತ್ರಿಕೆಯ ವಿಮರ್ಶಕರ ಮೇಲಂತೂ ಕೆಂಡ. "ಐದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದಾನೆ. ಮೂರು ಅಂದ್ರೆ ಅಭಿಪ್ರಾಯ ಅಲ್ಲ ಕಣೇ, ಹೆದರಿಕೆ."

ಅಕ್ಕನ ತಕ್ಕಡಿಯಲ್ಲಿ ಎರಡೇ ಬಟ್ಟು. "ಪರವಾಗಿಲ್ಲ" ಅಂದರೆ ಅಪರಂಜಿ. ವರ್ಷಕ್ಕೆ ಒಂದೆರಡು ಸಲ ಬಿದ್ದರೆ ಹೆಚ್ಚು. "ಚೆನ್ನಾಗಿದೆ" ಅಂದರೆ ಬಂದ ದಾರಿಗೆ ಸುಂಕವಿಲ್ಲ, ಹೋಗಿ ಬನ್ನಿ ಎಂದರ್ಥ. ಕೆಳಗೇ ಇದ್ದ ಮನೆ ಮಾಲೀಕರಿಗೆ ಹಾಡುವ ಹುಚ್ಚು. ಹಾಡಿ ಮುಗಿಸಿ ಮುಖ ನೋಡಿದರೆ ಅಕ್ಕ ಹಲ್ಲಿನಲ್ಲಿ ಪಟಕ್ಕನೆ ದಾರ ಕಡಿದು, "ತುಂಬಾ ಚೆನ್ನಾಗಿದೆ ಸಾರ್" ಅನ್ನುವಳು. ತಂಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಒಳಗೆ ಓಡುವಳು. ಅವರು ಮಾತ್ರ ಬೀಗುತ್ತಾ ಮೆಟ್ಟಿಲಿಳಿಯುವರು.

ಅಂಥ ತಂಗಿ ಮೂರು ವರ್ಷ ಗುಟ್ಟಾಗಿ ಒಂದು ಕಾಮಿಕ್ಸ್ ಬರೆದಳು. ಅಂಗಡಿಯಿಂದ ತಂದ ಅದೇ ದಪ್ಪ ಕಾಗದದಲ್ಲಿ ನಲವತ್ತು ಹಾಳೆ. ಹರಿದ ಮೋಡಗಳನ್ನು ಹೊಲಿಯುವ ಒಬ್ಬ ದರ್ಜಿ ಹೆಂಗಸಿನ ಕಥೆ. ಒಂದು ಮಧ್ಯಾಹ್ನ ಅದನ್ನು ತಂದು ಮೇಜಿನ ಮೇಲಿಟ್ಟು, ಉಗುರು ಕಚ್ಚುತ್ತಾ ನಿಂತಳು.

ಅಕ್ಕ ಒಂದೊಂದೇ ಹಾಳೆ ತಿರುವಿದಳು. ಕೊನೆಯ ಚಿತ್ರದಲ್ಲಿ ಆ ದರ್ಜಿ ಮೋಡ ಮುಗಿಸಿ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು. ತನ್ನದೇ ಕತ್ತು, ತನ್ನದೇ ಓರೆ ಹಲ್ಲು. ಪರರ ಸಿನಿಮಾಕ್ಕೆಲ್ಲ ನಾಲಿಗೆ ಹರಿಯಬಿಟ್ಟವಳಿಗೆ ತನ್ನ ತಕ್ಕಡಿಯೇ ಮರೆತುಹೋಯಿತು. ಲೋಕದವರೆಲ್ಲ ಆಡುವ ಮಾತೇ ಬಾಯಿಗೆ ಬಂತು.

"ತುಂಬಾ ಚೆನ್ನಾಗಿದೆ ಕಣೇ."

ತಂಗಿಯ ಮುಖ ನೋಡಿದ ಮೇಲೇ ತಾನೇನು ಅಂದೆನೆಂದು ಅವಳಿಗೆ ತಿಳಿದದ್ದು. ಆಗಲೇ ತಿದ್ದಬಹುದಿತ್ತು. ಆದರೆ ಕೂಡಲೇ ಹೇಳಿದರೆ ತೇಪೆ ಹಾಕಿದ ಹಾಗಿರುತ್ತದೆ, ನಾಳೆ ನಿಧಾನಕ್ಕೆ ಹೇಳೋಣ ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರಲ್ಲ, ಹಾಗೇ ಆಯಿತು. ತಂಗಿ ಮತ್ತೆ ಕುಂಚ ಹಿಡಿದದ್ದು ಬೋರ್ಡಿಗೆ ಮಾತ್ರ. ಆ ವರ್ಷವೇ ಮದುವೆಯಾಗಿ ದೂರದ ಊರಿಗೆ ಹೋದಳು. ಹಾಳೆಗಳನ್ನೂ ಒಯ್ದಿರಬೇಕು ಎಂದುಕೊಂಡು ಅಕ್ಕ ಕೇಳಲೇ ಇಲ್ಲ.

ಹನ್ನೊಂದು ವರ್ಷ ಕಳೆಯಿತು. ಮಾಲೀಕರು ಮನೆ ಮಾರಿದರು. ಅಕ್ಕನಿಗೆ ಬಟ್ಟೆ ಅಂಗಡಿಯೊಂದರ ಹಿಂದೆ ಒಂದು ಕೋಣೆ ಸಿಕ್ಕಿತು. ಸಾಮಾನು ಕಟ್ಟುವಾಗ ಮೊಳೆಗೆ ನೇತುಹಾಕಿದ್ದ ನಮೂನೆಗಳನ್ನು ಕೆಳಗಿಳಿಸಿದಳು. 'ಮೇಷ್ಟ್ರ ತೋಳು' ಎಂದು ಬರೆದಿದ್ದ ಚೂರು ಜಾರಿ ಮಗುಚಿ ಬಿತ್ತು. ಅದರ ಬೆನ್ನಲ್ಲಿ ಅರ್ಧ ಮೋಡ.

ಅವಳು ನೆಲಕ್ಕೆ ಕೂತು ಒಂದೊಂದಾಗಿ ತಿರುವಿದಳು. 'ಪೋಸ್ಟಿನವರ ಬೆನ್ನಿ'ನಲ್ಲಿ ಸೂಜಿ ಹಿಡಿದ ಕೈ. 'ದಪ್ಪಣ್ಣನ ಕಾಲರ್'ನಲ್ಲಿ ಓರೆ ಹಲ್ಲು. ತಂಗಿ ಹಾಳೆಗಳನ್ನು ಒಯ್ದಿರಲಿಲ್ಲ. ಖಾಲಿ ಬದಿ ಮೇಲೆ ಮಾಡಿ ಕಟ್ಟಿನ ತಳಕ್ಕೆ ಸೇರಿಸಿ ಹೋಗಿದ್ದಳು. ಕಟ್ಟು ಕರಗಿದಂತೆ ಅಕ್ಕನ ಕತ್ತರಿ ಅಲ್ಲಿಗೂ ಇಳಿದಿತ್ತು. ಗುಂಡುಪಿನ್ನು ಚುಚ್ಚಿ ಚೂರುಗಳನ್ನು ಜೋಡಿಸಿ ಕಥೆ ಓದಿದಳು. ಕೊರಳಿಗೆಂದು ಕತ್ತರಿಸಿದ ಕಡೆಯೆಲ್ಲ ತೂತು. ಆ ಚೂರುಗಳು ಎಂದೋ ಕಸದ ಪಾಲು.

ತಂಗಿಗೆ ಫೋನು ಮಾಡಿದಳು.

"ನಿನ್ನ ಮೋಡದ ಕಥೆ ಸಿಕ್ತು ಕಣೇ."

"ಇನ್ನೂ ಇತ್ತಾ?"

"ನೋಡ್ದೇ ಕತ್ತರಿಸಿಬಿಟ್ಟಿದ್ದೀನಿ. ತೋಳಿಗೆ, ಕೊರಳಿಗೆ."

"ಕತ್ತರಿಸ್ಲಿ ಅಂತಾನೇ ಅಲ್ವಾ ಇಟ್ಟಿದ್ದು."

"ಈಗ ಓದ್ದೆ." ಅಕ್ಕ ಉಸಿರೆಳೆದುಕೊಂಡಳು. "ಪರವಾಗಿಲ್ಲ ಕಣೇ."

"ಹೂಂ, ಪರವಾಗಿಲ್ಲ ಬಿಡಕ್ಕ. ಹಳೇ ಕಾಗದ."

"ಅಯ್ಯೋ, ಹಾಗಲ್ವೇ. ಪರವಾಗಿಲ್ಲ ಅಂದೆ ನಾನು."

"ನಾನೂ ಅದೇ ಅಂದೆನಲ್ಲ, ಪರವಾಗಿಲ್ಲ ಅಂತ. ಇಡ್ಲಾ? ಒಲೆ ಮೇಲೆ ಹಾಲಿಟ್ಟಿದ್ದೀನಿ."

ಓಣಿಗೆಲ್ಲ ಗೊತ್ತಿದ್ದ ಆ ಮಾತಿನ ಬೆಲೆ ತಂಗಿಗೆ ಮರೆತೇಹೋಗಿತ್ತೋ, ಮರೆತರಷ್ಟೇ ಬದುಕೆಂದು ಮರೆತಿದ್ದಳೋ. ಮತ್ತೆ ಫೋನು ಮಾಡುವ ಧೈರ್ಯ ಅಕ್ಕನಿಗೆ ಬರಲಿಲ್ಲ.

ಯಂತ್ರ, ಮೇಜು ಗಾಡಿಗೇರಿದವು. ಮಾಲೀಕರು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು.

"ಏನಮ್ಮ ಪರವಾಗಿಲ್ಲಕ್ಕ, ಇಷ್ಟು ವರ್ಷ ಇದ್ರಿ. ನಮ್ಮ ಮನೆ ಹೇಗಿತ್ತು? ಹೋಗ್ತಾ ಒಂದು ಮಾತು ಹೇಳಿ ಹೋಗಿ."

ಅಕ್ಕ ಬಾಯಿ ತೆರೆದಳು. ಅವಳ ಹತ್ತಿರ ಇದ್ದದ್ದೇ ಎರಡು ಮಾತು.

"ಬೀಗ ಸ್ವಲ್ಪ ಬಿಗಿ ಸಾರ್," ಎಂದು ಬೀಗದ ಕೈಯನ್ನು ಅವರ ಅಂಗೈಗಿಟ್ಟಳು. "ಎತ್ತಿ ತಿರುಗಿಸ್ಬೇಕು ಅಂತ ಮುಂದಿನವರಿಗೆ ಹೇಳಿ."

ಪಿನ್ನು ಚುಚ್ಚಿದ ಹಾಳೆಗಳನ್ನು ಗಾಡಿಗೆ ಹಾಕಿರಲಿಲ್ಲ. ಎದೆಗವಚಿಕೊಂಡು, ಪಿನ್ನು ತಾಗಿದರೂ ಸಡಿಲಿಸದೆ, ಬೀದಿಗೆ ಇಳಿದಳು.