ಗೀರದೇ ಉಳಿದ ಕಡ್ಡಿ

ಕಡ್ಡಿ ಗೀರುವ ಮೊದಲು ಫಾರೆಸ್ಟರ್ ಹುಲ್ಲಿನ ಬುಡ ಕಿತ್ತು ಹಿಸುಕಿದರು. ಅದು ಹಪ್ಪಳದಂತೆ ಪುಡಿಯಾಯಿತು. ತೆಗೆದ ಕಡ್ಡಿಯನ್ನು ಅವರು ಪೆಟ್ಟಿಗೆಗೇ ಹಾಕಿದರು.

ತೊಂಬತ್ತರ ದಶಕದ ಕೊನೆ. ಕೊಡ್ಲಿಯ ಶಾಲೆಗೆ ಸಸಿ ಕೇಳಲು ಚಿಂಚೋಳಿ ಕಾಡಿಗೆ ಹೋಗಿದ್ದೆ. ಕಾಳ್ಗಿಚ್ಚು ದಾಟದಿರಲೆಂದು ಬೇಸಿಗೆಗೆ ಮುಂಚೆಯೇ ಅವರು ಕಾಡಂಚಿನ ಹುಲ್ಲನ್ನು ಉದ್ದಕ್ಕೆ ಸುಡುವುದು ವಾಡಿಕೆ.

“ಇಪ್ಪತ್ತು ವರ್ಷ ಸಂಕ್ರಾಂತಿ ಆದಮ್ಯಾಲೇ ಸುಟ್ಟೀನ್ರಿ ಟೀಚರ್. ಬುಡ ಹಸಿ ಇರ್ತಿತ್ತು, ಬೆಂಕಿ ಹೇಳಿದಲ್ಲಿ ನಿಲ್ತಿತ್ತು. ಈಗ ಹವಾನೇ ಬದಲಾಗ್ಯದ. ತಿಂಗಳ ಮೊದ್ಲೇ ಸುಡಬೇಕಿತ್ತು, ಹಳೀ ಲೆಕ್ಕ ನಂಬಿ ಕುಂತೆ. ಇವತ್ತು ಹಚ್ಚಿದ್ರ ಕಾಡೇ ಹೋಗ್ತದ.”

“ಹಚ್ಚದಿದ್ದರೆ?” ಎಂದೆ.

“ಬ್ಯಾಸಿಗ್ಯಾಗ ಹೋಗ್ತದ್ರಿ.”

ಕಡ್ಡಿಪೆಟ್ಟಿಗೆ ಅವರ ಜೇಬು ಸೇರಿತು.

ಸಂಕ್ರಾಂತಿ ಕಳೆದರೆ ಈಗಲೂ ಅಂಗಳದ ಗರಿಕೆ ಕಿತ್ತು ಹಿಸುಕುತ್ತೇನೆ. ಪುಡಿಯಾದ ದಿನ ದೇವರ ದೀಪಕ್ಕೆ ಕಡ್ಡಿ ಗೀರಲೂ ಭಯ.