ಅಪ್ಪ ಹರಿದ ಹಡಗು

ಆ ದಿನಗಳಲ್ಲಿ ನಮ್ಮ ಮನೆಗೆ ಬಂದ ಯಾವ ಕಾಗದಕ್ಕೂ ನಾಲ್ಕು ಮೂಲೆ ಉಳಿಯುತ್ತಿರಲಿಲ್ಲ. ಮದುವೆಯ ಕರೆಯೋಲೆ, ಹೊಸ ಕ್ಯಾಲೆಂಡರ್, ನನ್ನ ಮಾರ್ಕ್ಸ್ ಕಾರ್ಡ್, ಏನೇ ಬರಲಿ, ಅಪ್ಪ ಮೊದಲು ಒಂದು ಮೂಲೆಯನ್ನು ಚೂರು ಹರಿದು, ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾರಿನ ಎಳೆ ಉದ್ದವೋ ಗಿಡ್ಡವೋ, ಬಿದಿರಿನದೋ ಬೇರೆ ಮರದ್ದೋ ಎಂದು ತಿಳಿಯಬೇಕಿತ್ತು ಅವರಿಗೆ. ಅದರಲ್ಲಿ ಬರೆದದ್ದನ್ನು ಓದುವುದು ಆಮೇಲಿನ ಮಾತು. ಭದ್ರಾವತಿಯ ಕಾಗದನಗರದಲ್ಲಿ ಇದು ನಮ್ಮೊಬ್ಬರ ಮನೆಯ ಚಾಳಿಯಲ್ಲ, ಅಲ್ಲಿನ ಕಾಗದದ ಕಾರ್ಖಾನೆಯಲ್ಲಿ ಅಪ್ಪನ ಹಾಗೆ ಕಾಗದ ಪರೀಕ್ಷಿಸುವ ಕೆಲಸದಲ್ಲಿದ್ದವರ ಮನೆಗಳಲ್ಲೆಲ್ಲ ಇತ್ತು. ಒಮ್ಮೆ ನನ್ನ ಮಾರ್ಕ್ಸ್ ಕಾರ್ಡ್ ಹಿಡಿದು "ಎಂಥಾ ದರಿದ್ರ ಕಾಗದ ಮಾರಾಯ್ತಿ ಇದು!" ಎಂದು ಬೈದರೇ ಹೊರತು, ಗಣಿತದಲ್ಲಿ ಬಂದಿದ್ದ ಮೂವತ್ತೆಂಟರ ಸುದ್ದಿಯನ್ನೇ ಎತ್ತಲಿಲ್ಲ. ಆವತ್ತು ಆ ಚಾಳಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ.

ಊರಿಗೆ ಬರುವ ನೆಂಟರು ಬಸ್ಸಿಳಿಯುತ್ತಲೇ ಮೂಗಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ಬಿದಿರು ಬೇಯುವ ಆ ಘಾಟು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಕಾರ್ಖಾನೆಯ ರದ್ದಿ ಕಾಗದದಲ್ಲಿ ದೋಣಿ ಮಾಡಿ ಮೋರಿಯಲ್ಲಿ ಬಿಡುವುದು ನಮ್ಮ ದೊಡ್ಡ ಆಟ. ಕಾಗದದ ಎಳೆ ಯಾವ ಕಡೆಗೆ ಓಡಿದೆ ನೋಡಿಕೊಂಡು ಮಡಚಿದರೆ ದೋಣಿ ಬೇಗ ಸೊರಗುವುದಿಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದರು. ಹಾಗಾಗಿ ನನ್ನ ದೋಣಿ ಎಲ್ಲರದಕ್ಕಿಂತ ಎರಡು ಮನೆ ಮುಂದೆ ಹೋಗುತ್ತಿತ್ತು.

ಪಕ್ಕದ ಮನೆಯ ಖಲೀಲ್ ಚಾಚಾ ಕಾರ್ಖಾನೆಯ ಟಪಾಲು ವಿಭಾಗದಲ್ಲಿದ್ದರು. ಯಂತ್ರದ ಬಿಡಿಭಾಗಗಳ ಬಗ್ಗೆ ಪರದೇಶಗಳಿಂದ ಪತ್ರ ಬರುತ್ತಿದ್ದವು. ಬಿಸಾಡುವ ಖಾಲಿ ಲಕೋಟೆಗಳನ್ನು ಕೇಳಿ ತಂದು ಸ್ಟಾಂಪು ಬಿಡಿಸಿಕೊಳ್ಳುವುದು ಅವರ ಹುಚ್ಚು, ಅದನ್ನು ನನಗೂ ಹಚ್ಚಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ದಸರಾ ರಜೆ ಶುರುವಾದ ದಿನ, ಬಾಗಿಲಲ್ಲಿ ನಿಂತು ಕೂಗಿದರು.

"ಬಾ ಬೇಟಿ, ನಿನಗೊಂದು ಜಹಾಜು ತಂದಿದ್ದೀನಿ!"

ಅವರ ಕೈಯಲ್ಲಿದ್ದ ಲಕೋಟೆಯ ಮೇಲೆ ಹಾಯಿ ಬಿಚ್ಚಿದ ಯುದ್ಧನೌಕೆಯ ಸ್ಟಾಂಪು. ಕೂದಲೆಳೆಯಂಥ ಗೆರೆಗಳಲ್ಲಿ ಹಗ್ಗ, ಕಂಬ, ಸಾಲು ಸಾಲು ಫಿರಂಗಿ ಕಿಂಡಿ. ಅದರ ಮೇಲಿದ್ದ ದೇಶದ ಹೆಸರು ನನ್ನ ಅಟ್ಲಾಸಿನಲ್ಲಿ ಎಲ್ಲೂ ಸಿಗಲಿಲ್ಲ. ಅದು ಸ್ವೀಡನ್ನಿನವರು ತಮ್ಮ ದೇಶವನ್ನು ಕರೆದುಕೊಳ್ಳುವ ಹೆಸರು ಎಂದು ಚಾಚಾನೇ ಬಿಡಿಸಿ ಹೇಳಿದರು. ಹಡಗಿನ ಹೆಸರು ವಾಸಾ. ಅದರ ಕಥೆ ಅವರಿಗೆ ಬಾಯಿಪಾಠವಾಗಿತ್ತು.

"ಸಾವಿರದ ಆರುನೂರ ಇಪ್ಪತ್ತೆಂಟನೇ ಇಸವಿ. ಅಲ್ಲಿಯ ಬಾದಶಹ ಕಟ್ಟಿಸಿದ್ದು. ಅರವತ್ನಾಲ್ಕು ತೋಪು, ಮೈತುಂಬ ಸಿಂಹ, ದೇವತೆ, ಬಣ್ಣ. ಊರಿಗೆ ಊರೇ ದಡದಲ್ಲಿ ನಿಂತು ನೋಡ್ತಾ ಇತ್ತು. ಮೊದಲನೇ ದಿನ ಹೊರಡ್ತು, ಒಂದು ಮೈಲಿನೂ ಹೋಗಿಲ್ಲ, ಒಂದು ಗಾಳಿ ಬೀಸ್ತು. ಪಕ್ಕಕ್ಕೆ ವಾಲ್ತು, ತೋಪಿನ ಕಿಂಡಿಯಿಂದ ನೀರು ನುಗ್ತು. ಖತಂ!"

"ಮುಳುಗಿದ ಹಡಗಿಗೆ ಯಾಕೆ ಚಾಚಾ ಸ್ಟಾಂಪು?"

"ಅದೇ ಮಜಾ! ಮುನ್ನೂರ ಮೂವತ್ಮೂರು ವರ್ಷ ಆದ್ಮೇಲೆ ಮೇಲೆತ್ತಿದ್ರು. ಅಲ್ಲಿಯ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯೋ ಹುಳ ಬದುಕಲ್ಲ. ಒಣಗಿದ್ರೆ ಸೀಳ್ತದೆ ಅಂತ ಹದಿನೇಳು ವರ್ಷ ಅದರ ಮೈಮೇಲೆ ಔಷಧಿ ನೀರು ಚಿಮುಕಿಸಿದ್ರು. ಸಾವಿರಾರು ಚೂರು ಜೋಡಿಸಿದ್ರು. ಯುದ್ಧ ಗೆದ್ದ ಜಹಾಜೆಲ್ಲ ಮಣ್ಣಾದ್ವು, ಇದೊಂದು ನಿಂತಿದೆ ನೋಡು."

ಆ ರಜೆಯಲ್ಲಿ ಶಿವಮೊಗ್ಗದ ವಿನೋಬನಗರದ ಶಾಲೆಯೊಂದರಲ್ಲಿ ಮಕ್ಕಳ ಅಂಚೆಚೀಟಿ ಸ್ಪರ್ಧೆಯಿತ್ತು. ಒಂದೇ ಒಂದು ಸ್ಟಾಂಪು ತರಬೇಕು, ಅದರ ಚರಿತ್ರೆ ಹೇಳಬೇಕು. ಮೊದಲ ಬಹುಮಾನ ನೀಲಿ ರಟ್ಟಿನ ನಿಜವಾದ ಆಲ್ಬಮ್ಮು, ಜೊತೆಗೆ ಭೂತಗನ್ನಡಿ. ರದ್ದಿ ಕಾಗದ ಹೊಲಿದ ಪುಸ್ತಕದಲ್ಲಿ ಸ್ಟಾಂಪು ಅಂಟಿಸುತ್ತಿದ್ದ ನನಗೆ ಆ ಆಲ್ಬಮ್ಮು ಬೇಕೇ ಬೇಕಾಗಿತ್ತು.

"ಬಿಸಿಲು ತಾಗಿಸ್ಬೇಡ, ಬಣ್ಣ ಹೋಗ್ತದೆ" ಎಂದಿದ್ದರು ಚಾಚಾ. ಅದಕ್ಕೇ ಲಕೋಟೆಯನ್ನು ಮೇಜಿನ ಮೇಲೆ ಮುಖ ಅಡಿಯಾಗಿ ಇಟ್ಟು ಆಡಲು ಹೋದೆ. ಮಧ್ಯಾಹ್ನ ಅಪ್ಪ ಶಿಫ್ಟ್ ಮುಗಿಸಿ ಬಂದರು. ನಾನು ಬಾಗಿಲಿಗೆ ಬರುವುದಕ್ಕೂ ಅವರ ಕೈ ಲಕೋಟೆಯ ಮೂಲೆಗೆ ಹೋಗುವುದಕ್ಕೂ ಸರಿಹೋಯಿತು. ಚರ್ ಎಂದಿತು. ಪರದೇಶದ ಕಾಗದದ ಎಳೆ ಎಷ್ಟು ಉದ್ದ ಎಂದು ಬೆಳಕಿಗೆ ಹಿಡಿದಾಗಲೇ ಅವರಿಗೆ ಗೊತ್ತಾದದ್ದು, ಹಿಂದುಗಡೆ ಸ್ಟಾಂಪಿತ್ತು, ಹಡಗಿನ ಹಾಯಿ ಎರಡು ಪಾಲಾಗಿ ನಡುಗಂಬದವರೆಗೆ ಸೀಳಿತ್ತು.

"ಅಯ್ಯೋ ಪುಟ್ಟಿ, ಬರೀ ಲಕೋಟೆ ಅಂದ್ಕೊಂಡೆ ಕಣೇ..."

ನಾನು ಕಿರುಚಿದ ರೀತಿಗೆ ಅಮ್ಮ ಒಲೆಯ ಮೇಲಿನ ಮಂಡಕ್ಕಿ ಒಗ್ಗರಣೆ ಬಿಟ್ಟು ಓಡಿ ಬಂದರು. "ನಿಮ್ಮ ಕೈಗೊಂದು ಚೀಲ ಹೊಲಿದು ಕಟ್ತೀನಿ ನೋಡಿ ಇನ್ನು!" ಎಂದು ಅಪ್ಪನನ್ನು ಗದರಿದರು. ಎರಡು ದಿನ ನಾನು ಅಪ್ಪನೊಡನೆ ಮಾತು ಬಿಟ್ಟೆ. ಅವರು ಆ ಎರಡು ದಿನ ಪೇಪರಿನ ಮೂಲೆಯನ್ನೂ ಹರಿಯಲಿಲ್ಲ, ಕೈ ಹಿಂದೆ ಕಟ್ಟಿಕೊಂಡೇ ಓಡಾಡಿದರು.

ಮೂರನೇ ದಿನ ಚಾಚಾ ಜಗಲಿಯ ಮೇಲೆ ನನ್ನ ಪಕ್ಕ ಬಂದು ಕೂತರು.

"ಜಹಾಜಿನ ಒಂದು ವಿಷಯ ಹೇಳೋದು ಬಿಟ್ಟಿದ್ದೆ ಬೇಟಿ. ಹೊರಡೋಕೆ ಮುಂಚೆ ಅದನ್ನ ಪರೀಕ್ಷೆ ಮಾಡಿದ್ರು. ಮೂವತ್ತು ಜನ ಈ ಕಡೆಯಿಂದ ಆ ಕಡೆಗೆ ಓಡಿದ್ರು. ಜಹಾಜು ತೊಟ್ಟಿಲಂಗೆ ತೂಗೋಕೆ ಶುರುವಾಯ್ತು. ಇನ್ನೊಂದು ಸಲ ಓಡಿದ್ರೆ ಇಲ್ಲೇ ಮುಳುಗ್ತದೆ ಅಂತ ನಿಲ್ಲಿಸಿದ್ರು."

"ಆಮೇಲೆ?"

"ಆಮೇಲೇನು, ಬಾದಶಹನಿಗೆ ಯಾರೂ ಹೇಳ್ಲಿಲ್ಲ. ಅವನಿಗೆ ಅರ್ಜೆಂಟು, ಇವರಿಗೆ ಹೆದರಿಕೆ. ಮುಳುಗಿದ ಮೇಲೆ ವಿಚಾರಣೆ ನಡೀತು, ಅಲ್ಲೂ ಯಾರೊಬ್ಬರ ತಪ್ಪೂ ಸಾಬೀತಾಗ್ಲಿಲ್ಲ. ನಿಮ್ಮಪ್ಪನಂಥ ಒಬ್ಬ ಅಲ್ಲಿ ಇದ್ದಿದ್ರೆ ಆ ಜಹಾಜು ಹೊರಡ್ತಾನೇ ಇರ್ಲಿಲ್ಲ. ನಾಲ್ಕು ಕಡೆ ಹರಿದು ನೋಡಿರ್ತಿದ್ದ!"

ಸಿಟ್ಟಿನಲ್ಲೂ ನನಗೆ ನಗು ಬಂತು. ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದ ಅಪ್ಪ ಆವತ್ತೇ ರಿಪೇರಿಗೆ ಕೂತರು. ಲಕೋಟೆಯ ಚೂರನ್ನು ನೀರಲ್ಲಿ ತೇಲಿಬಿಟ್ಟು ಸ್ಟಾಂಪು ಬಿಡಿಸಿದರು. ಹರಿದ ಅಂಚಿನ ನವುರು ಎಳೆಗಳನ್ನು ಸೂಜಿಮೊನೆಯಿಂದ ಒಂದಕ್ಕೊಂದು ಹೆಣೆದು ಕೂರಿಸಿದರು. ಬೆನ್ನಿಗೆ ತೆಳ್ಳನೆಯ ಮೈದಾ ಅಂಟು, ಅದರ ಮೇಲೆ ಕಾಗದ ಮಾಡುವ ಬಿದಿರಿನ ತಿರುಳಿನ ನಾಲ್ಕೈದು ಎಳೆ. ಎರಡು ಒತ್ತುಕಾಗದದ ನಡುವೆ ಇಟ್ಟು ಅಮ್ಮನ ಗುಂಡುಕಲ್ಲು ಹೇರಿದರು. ಮರುದಿನ ಕಲ್ಲು ತೆಗೆದರು. ಹಾಯಿ ಒಂದಾಗಿತ್ತು. ಕಣ್ಣಿಗೆ ಒತ್ತಿ ನೋಡಿದರೂ ಗೆರೆ ಕಾಣಲಿಲ್ಲ. ನನ್ನ ಅಪ್ಪನಂಥ ಕಸುಬುಗಾರ ಈ ಲೋಕದಲ್ಲೇ ಇಲ್ಲ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಒಂದು ವಿಷಯ ಮಾತ್ರ ನಾನು ಮುಚ್ಚಿಟ್ಟೆ. ಹರಿದ, ತೇಪೆ ಹಾಕಿದ ಸ್ಟಾಂಪು ಸ್ಪರ್ಧೆಗೆ ನಡೆಯುವುದಿಲ್ಲ ಎಂಬ ನಿಯಮ ಶಾಲೆಯಲ್ಲಿ ಓದಿ ಹೇಳಿದ್ದರು. ಅಪ್ಪನಿಗೆ ಹೇಳಲಿಲ್ಲ.

ವಿನೋಬನಗರದ ಆ ಸಭಾಂಗಣದಲ್ಲಿ ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರು ತೀರ್ಪುಗಾರರು. ನಾನು ಮೈಕಿನ ಮುಂದೆ ವಾಸಾ ಹಡಗಿನ ಕಥೆಯನ್ನು ಉಸಿರು ಬಿಡದೆ ಹೇಳಿದೆ. "ಮುಳುಗುತ್ತದೆ ಎಂದು ಗೊತ್ತಿದ್ದೂ ರಾಜನಿಗೆ ಯಾರೂ ಹೇಳಲಿಲ್ಲ" ಎಂದಾಗ ಮುಂದಿನ ಸಾಲಿನ ಮಕ್ಕಳು ಕತ್ತು ಚಾಚಿದರು. ತೀರ್ಪುಗಾರರು ನನ್ನ ಸ್ಟಾಂಪನ್ನು ಭೂತಗನ್ನಡಿಯಲ್ಲಿ ನೋಡಿ, "ಬಹಳ ಚೆನ್ನಾಗಿ ಕಾಪಾಡಿಕೊಂಡಿದ್ದೀಯಮ್ಮ" ಎಂದು ನೀಲಿ ಆಲ್ಬಮ್ಮಿನ ಕಡೆ ತಿರುಗಿದರು.

ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ, ನನ್ನನ್ನು ಕರೆತಂದಿದ್ದ ಅಪ್ಪನ ಕೈಗೆ ನಿಯಮಗಳ ಹಾಳೆ ಬಂದಿತ್ತು. ಮೊದಲು ಮೂಲೆ ಹರಿದರು, ಬೆಳಕಿಗೆ ಹಿಡಿದರು, ಆಮೇಲೆ ಓದಿದರು. ಓದಿದವರೇ ಎದ್ದು ಬಂದರು.

"ಸಾರ್, ಆ ಸ್ಟಾಂಪು ಇಲ್ಲಿ ಹರಿದಿದೆ. ನಾನೇ ಹರಿದಿದ್ದು, ನಾನೇ ಅಂಟಿಸಿದ್ದು."

ತೀರ್ಪುಗಾರರು ಮತ್ತೆ ಭೂತಗನ್ನಡಿ ಹಿಡಿದು ನೋಡಿದರು. "ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲವಲ್ರೀ!"

"ಅದಕ್ಕೇ ಹೇಳ್ದೆ ಸಾರ್."

ಆಲ್ಬಮ್ಮು ಚಿಟ್ಟೆಯ ಸ್ಟಾಂಪು ತಂದಿದ್ದ ಹುಡುಗನ ಪಾಲಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅಪ್ಪ ಕೊಡಿಸಿದ ಮಸಾಲೆ ದೋಸೆಯನ್ನು ನಾನು ಮುಟ್ಟಲಿಲ್ಲ. ದೋಸೆ ಆರಿ ರಟ್ಟಾಯಿತು.

"ಯಾಕಪ್ಪಾ ಹೇಳಿದ್ರಿ? ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದು ಬಿಕ್ಕಿದೆ.

ಅಪ್ಪನಿಗೂ ನೋವಾಗಿತ್ತು, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಮೆಲ್ಲಗೆ ಹೇಳಿದರು, "ನೀನೇ ಹೇಳಿದ್ಯಲ್ಲ ಪುಟ್ಟಿ ಮೈಕಲ್ಲಿ, ರಾಜನಿಗೆ ಯಾರೂ ಹೇಳ್ಲಿಲ್ಲ ಅಂತ. ಎಷ್ಟು ಚೆನ್ನಾಗಿ ಹೇಳ್ದೆ. ಕೇಳಿಸ್ಕೊಂಡೂ ಸುಮ್ನೆ ಹೆಂಗೆ ಕೂರ್ಲಿ?"

ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ತಣ್ಣಗಾದ ದೋಸೆಯನ್ನು ತಿಂದೆ.

ಈಗ ಕಾಗದನಗರಕ್ಕೆ ಹೋದರೆ ಯಾರೂ ಮೂಗು ಮುಚ್ಚಿಕೊಳ್ಳಬೇಕಿಲ್ಲ. ಕಾರ್ಖಾನೆ ಮುಚ್ಚಿ, ಬಿದಿರು ಬೇಯುವುದು ನಿಂತು ವರ್ಷಗಳಾದವು. ಆ ಘಾಟು ಒಮ್ಮೆ ಮೂಗಿಗೆ ಬಡಿದರೆ ಸಾಕು ಎನ್ನಿಸುವಷ್ಟು ಆಸೆ ನನಗೆ. ಚಾಚಾ ಇಲ್ಲ, ಅಪ್ಪ ಇಲ್ಲ. ಮದುವೆಯ ಕರೆಯೋಲೆಗಳು ಫೋನಿಗೇ ಬರುತ್ತವೆ, ಅವಕ್ಕೆ ಹರಿಯಲು ಮೂಲೆಯಿಲ್ಲ.

ಮೊನ್ನೆ ನನ್ನ ಮಗಳಿಗೆ ಆ ಹಡಗು ತೋರಿಸಿದೆ. ಫೋನಿನ ಬೆಳಕು ಬಿಟ್ಟು ಹಿಂದೆ ಮುಂದೆ ಹುಡುಕಿ, "ಎಲ್ಲಮ್ಮಾ ಹರಿದಿರೋದು? ಕಾಣ್ತಾನೇ ಇಲ್ಲ" ಎಂದಳು. ನಾನೂ ಹುಡುಕಿದೆ, ನನಗೂ ಸಿಗಲಿಲ್ಲ. ಅಪ್ಪ ಇದ್ದಿದ್ದರೆ ತಾವಾಗಿಯೇ ಎದ್ದು ಬಂದು ಬೆರಳಿಟ್ಟು ತೋರಿಸುತ್ತಿದ್ದರು, ಇಲ್ಲಿ ಹರಿದಿದೆ, ನಾನೇ ಹರಿದಿದ್ದು ಎಂದು. ಹಾಗೆ ಎದ್ದು ಬರುವವರನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ.