ಮಹಡಿಯ ಮೇಲಿನ ಗರ್ಜನೆ

ನಮ್ಮ ಮಹಡಿಯ ಮೇಲಿರುವ ಡಬ್ಬಿಂಗ್ ಮಾವ ಒಮ್ಮೆ ಸೀನಿದ್ದಕ್ಕೆ ಓಡುತ್ತಿದ್ದ ಬಸ್ಸು ನಿಂತು, ಡ್ರೈವರು ಇಳಿದು ಟೈರು ನೋಡಿದನೆಂದು ನಮ್ಮ ಬೀದಿಯ ಇತಿಹಾಸ ಹೇಳುತ್ತದೆ. ಸಿನಿಮಾದ ಹುಲಿ, ರಾಕ್ಷಸ, ಭೂಕಂಪ ಎಲ್ಲಕ್ಕೂ ಅವರದೇ ಗಂಟಲು. ಬೆಳಗ್ಗೆ ಅವರು ಬಿಸಿನೀರು ಮುಕ್ಕಳಿಸಿದರೆ ಕೆಳಗೆ ನಮ್ಮ ಪಾತ್ರೆಗಳು ಒಂದನ್ನೊಂದು ಅಪ್ಪಿಕೊಂಡು ನಡುಗುತ್ತವೆ. ಆದರೂ ಅಭ್ಯಾಸಕ್ಕೆ ಮೊದಲು ಕಿಟಕಿಯಿಂದ ಬಗ್ಗಿ, "ಪುಟ್ಟೀ, ಹುಲಿ ಬರ್ತಿದೆ, ಕಿವಿ ಮುಚ್ಕೊಂಡ್ಯಾ?" ಎಂದು ಕೇಳಿ, ನನ್ನ ಮಗಳು "ಹೂಂ ಮಾವ" ಎಂದ ಮೇಲೇ ಬಾಯಿ ತೆರೆಯುತ್ತಾರೆ. ಅವಳಿಗೆ ಜೋರು ಸದ್ದೆಂದರೆ ಜೀವವೇ ಹಾರಿಹೋಗುತ್ತದೆ. ಯಾವ ಸಿನಿಮಾದ ಕೊನೆಯನ್ನೂ ಅವಳು ಕಂಡಿರಲಿಲ್ಲ. ಹೊಡೆದಾಟ ಶುರುವಾದರೆ ಸಾಕು, ನಾನು ಅವಳನ್ನೆತ್ತಿಕೊಂಡು ಹೊರಗೆ ಓಡುತ್ತಿದ್ದೆ. ಹೀಗಿರುವಾಗ ಜಗಳವೇ ಬೇಡವೆನ್ನುವ ಘೇಂಡಾಮೃಗವೊಂದರ ಕಾರ್ಟೂನ್ ಸಿನಿಮಾ ಬಂತು. ದನಿ ನಮ್ಮ ಮಾವನದು; ಮಗಳನ್ನು ಕರೆದುಕೊಂಡು ಹೋದೆ. ಕೊನೆಗೆ ಕಾಡಿಗೆ ಕಾಡೇ ಸುತ್ತ ನಿಂತು "ಗುದ್ದು! ಗುದ್ದು!" ಎಂದಿತು. ಮಗಳ ಕೈ ಕಿವಿಗೆ ಹೋಯಿತು, ನಾನು ಎತ್ತಿಕೊಳ್ಳಲು ಎದ್ದೆ. ಘೇಂಡಾಮೃಗ ಕೆಸರಿನಲ್ಲಿ ಕೂತು, ಮೂಗಿನಿಂದ ಮೆಲ್ಲಗೆ ಒಂದು ಉಸಿರು ಬಿಟ್ಟಿತು, ಅಷ್ಟೇ. "ಅಪ್ಪಾ, ಅಡ್ಡ ನಿಲ್ಬೇಡ, ಕಾಣಲ್ಲ," ಎಂದಳು ಮಗಳು. ಆ ಜಾಗದಲ್ಲಿ ಗರ್ಜನೆಯೇ ಬೇಕೆಂದು ಡೈರೆಕ್ಟರು ಗೋಗರೆದು ಜಪ್ಪಯ್ಯ ಅಂದರೂ ಮಾವ ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು. ಮೆಟ್ಟಿಲು ಹತ್ತಿ ಹೋಗಿ, ನನ್ನ ಮಗಳಿಗೆ ಒಂದು ಇಡೀ ಸಿನಿಮಾ ಕೊಟ್ಟಿರಿ ಎಂದು ಅವರ ಕೈಹಿಡಿದುಕೊಂಡೆ. ಮಾವ ಬಿಸಿನೀರಿನ ಲೋಟದಿಂದ ತಲೆಯೆತ್ತದೆ ಹೇಳಿದರು: "ಅಯ್ಯೋ, ಅವತ್ತು ಗಂಟಲು ಕಟ್ಟಿತ್ತು ಕಣಯ್ಯಾ."